ನೀಲಿ ತಟ್ಟೆ, ಕೆಂಪು ತಟ್ಟೆ ಮತ್ತು ಭಾನುವಾರದ ಪಳದಿ

ಈ ಕೆಳಗೆ ಬರೆದದ್ದು ಅಕ್ಷರ ಅಕ್ಷರ ಸತ್ಯ. ಶರಾವತಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಹೇಳಬಹುದಾದಷ್ಟು ಸತ್ಯ. ಬೇಸಿಗೆಯಲ್ಲಿ ಹೊನ್ನಾವರದ ಹತ್ತಿರ ಆ ನೀರು ಉಪ್ಪಾಗುತ್ತದೆ, ಹಾಗಾಗಿ ಪ್ರಮಾಣ ಊರ್ಜಿತವಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಮಳೆಗಾಲದಲ್ಲಿ ಬಂದು ಇನ್ನೊಮ್ಮೆ ಕೇಳಬಹುದು. ಆಗಲೂ ಇದನ್ನೇ ಹೇಳಲಾಗುವುದು.

ವಿಷಯ ಇಷ್ಟು. ಮನೆಯಲ್ಲಿ ಕೂತು ಚಿತ್ರವನ್ನು ಅತಿ ಸ್ಪಷ್ಟವಾಗಿ ನೋಡುವುದಕ್ಕೆ ಎರಡು ಬಗೆಯ ಡಿಸ್ಕುಗಳಲ್ಲಿ ಯಾವುದನ್ನು ಕೊಳ್ಳತಕ್ಕದ್ದು ಎಂಬ ಪ್ರಶ್ನೆ ೨೦೦೭ನೇ ಇಸವಿಯ ಮೇ ತಿಂಗಳಿನಿಂದ ಹೊನ್ನಾವರದಲ್ಲಿ ವಿಚಾರಣೆಯಲ್ಲಿದ್ದು, ಇಂದಿನವರೆಗೆ ನಿರ್ಣಯವಾಗಿರುವುದಿಲ್ಲ. ಆದಕಾರಣ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ಯಾರೂ ಅವಸರ ಮಾಡಿರುವುದಿಲ್ಲ. ಲೋಕದ ಬೇರೆ ಕಡೆ ಈ ಪ್ರಶ್ನೆ ಒಂದೆರಡು ವರ್ಷದಲ್ಲೇ ಮುಗಿದುಹೋಯಿತಂತೆ. ಪಾಪ, ಅವರ ಬಳಿ ದಿನಕರ ಇರಲಿಲ್ಲ.

ದಿನಕರ ನಾಯ್ಕ ಹೊನ್ನಾವರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಹೇಳಿದರೆ ನೀವು ಅಲ್ಲಿಗೆ ಹೋಗಿ ನಿಮ್ಮ ಕೆಲಸ ಎಲ್ಲಿಗೆ ಬಂತೆಂದು ಕೇಳುತ್ತೀರಿ, ಬೇಡ. ಕಡತದ ಮೇಲೆ ಟಿಪ್ಪಣಿ ಹಾಕುವುದರಲ್ಲಿ ಕಾರವಾರದಿಂದ ಕುಂದಾಪುರದವರೆಗೆ ಅವನ ಸಮಕ್ಕೆ ನಿಲ್ಲುವವರು ಹುಟ್ಟಿಲ್ಲ. ಅವನು 'ಪರಿಶೀಲಿಸಿ ಮಂಡಿಸಿ' ಎಂದು ಬರೆದ ಒಂದು ಕಡತ ಆ ಕಚೇರಿಯ ನಾಲ್ಕು ಮೇಜುಗಳ ನಡುವೆಯೇ ಏಳು ವರ್ಷ ಸಂಚಾರ ಮಾಡಿ, ಕೊನೆಗೆ ಅರ್ಜಿದಾರನ ಮೊಮ್ಮಗನಿಗೆ ಉತ್ತರ ತಲುಪಿಸಿತು. ಬಾಯಿಮಾತಿನಲ್ಲಾದರೆ ಅವನ ಟಿಪ್ಪಣಿ ಒಂದೇ: "ಆಮೇಲೆ ನೋಡುವಾ."

ಆ ವರ್ಷ ಏಪ್ರಿಲ್‌ನಲ್ಲಿ ಅವನ ಮದುವೆಯಾಯಿತು. ಹುಡುಗಿ ಕುಮಟೆಯ ಮಾಲಿನಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ವಿಡಿಯೋ ತೆಗೆದವನು ಮಾಲಿನಿಯ ಚಿಕ್ಕಮ್ಮನ ಮಗ, ಭಟ್ಕಳದ ರಾಜೇಶ. ಅವನು ಆಗಷ್ಟೇ ದುಬೈಯಿಂದ ಹೊಸ ಕ್ಯಾಮೆರಾ ತರಿಸಿದ್ದ. ಮೂರು ತಾಲೂಕಿನ ಮೊದಲ ಅತಿಸ್ಪಷ್ಟ ಕ್ಯಾಮೆರಾ ಅದು. ಹಳೆಯ ಕ್ಯಾಮೆರಾದಲ್ಲಿ ಹೋಮದ ಹೊಗೆ ಹೊಗೆಯಂತೆ ಕಾಣುತ್ತಿದ್ದರೆ, ಇದರಲ್ಲಿ ನೋಡಿದವರಿಗೆ ಕೆಮ್ಮು ಬರುತ್ತಿತ್ತು.

ಧಾರೆ ಮುಗಿಸಿ ದಿಬ್ಬಣ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನ ಗಂಡಿನ ಮನೆಗೆ ಬರುವಾಗ ಮಧ್ಯಾಹ್ನ ಮೂರು ದಾಟಿತ್ತು. ಅಲ್ಲಿ ಬಾಗಿಲು ತಡೆಯುವ ಶಾಸ್ತ್ರ. ಮದುಮಗನ ಅಕ್ಕ ಹೊಸ್ತಿಲಿಗೆ ಅಡ್ಡ ನಿಂತು ಏನಾದರೊಂದು ಕೇಳುತ್ತಾಳೆ. ಒಪ್ಪಿದರೆ ಒಳಗೆ ಬಿಡುತ್ತಾಳೆ. ದಿನಕರನ ಅಕ್ಕ ಶ್ರೀಮತಿ, ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಎಲ್ಲರೂ ಕೇಳುವುದನ್ನೇ ಮೊದಲು ಕೇಳಿದಳು. ಎಲ್ಲರೂ ನಕ್ಕರು. ಆಗ ಮಾಲಿನಿ ಅತ್ತಿಗೆಯ ಕಿವಿಯಲ್ಲಿ ಏನೋ ಹೇಳಿದಳು. ಶ್ರೀಮತಿ ದನಿ ಎತ್ತಿ, "ಭಾನುವಾರದ ಅಡಿಗೆ ಯಾರು ಮಾಡೂದು? ಅದನ್ನ ಹೇಳಿ ಒಳಗೆ ಬಾ," ಎಂದಳು. ದಿನಕರ ಏನೋ ಒಂದು ಹೇಳಿದ. ಸರಿಯಾಗಿ ಅದೇ ಗಳಿಗೆಗೆ ಅಂಗಳದಲ್ಲಿ ಗರ್ನಾಲು ಸಿಡಿಯಿತು, ವಾಲಗದವರು ಏರು ದನಿ ಎತ್ತಿದರು. ಶ್ರೀಮತಿ ಬಾಗಿಲು ಬಿಟ್ಟಳು. ಎಲ್ಲರೂ ಊಟಕ್ಕೆ ಕೂತರು.

ಮದುವೆಯ ನಂತರದ ಮೊದಲನೆಯ ಭಾನುವಾರ ಮಾಲಿನಿ ಬೆಳಿಗ್ಗೆ ಪೇಪರ್ ಹಿಡಿದು ಜಗುಲಿಯಲ್ಲಿ ಕೂತಳು. ಹನ್ನೊಂದು ಗಂಟೆಯಾದರೂ ಏಳಲಿಲ್ಲ.

"ಇವತ್ತು ಭಾನುವಾರ," ಎಂದಳು.

"ಹೌದು. ನಿನ್ನೆ ಶನಿವಾರ ಆಗಿತ್ತು," ಎಂದ ದಿನಕರ.

"ಬಂಗಡೆ ತಂದಿಟ್ಟಿದ್ದೆ. ಕಾಯಿ ಒಡ್ದಿಟ್ಟಿದ್ದೆ."

"ಅದ್ಕೆ ನಾನೆಂತ ಮಾಡೂದು?"

"ಮೀನು ಪಳದಿ ಮಾಡೂದು. ಬಾಗ್ಲಲ್ಲಿ ನಿಂತ್ಕಂಡು ಒಪ್ಪಿದ್ರಿ ಅಲ್ದಾ, ಭಾನುವಾರ ನಂದೇ ಅಂತ?"

"ನಾನು? ನಾ ಹಾಗೆ ಹೇಳ್ಲೇ ಇಲ್ಲ."

"ಮತ್ತೆಂತ ಹೇಳಿದ್ರಿ?"

ದಿನಕರ ಯೋಚಿಸಿದ. ಬೆಳಿಗ್ಗೆಯಿಂದ ಉಪವಾಸವಿದ್ದು ಮೂರು ಗಂಟೆಗೆ ಹೊಸ್ತಿಲ ಮೇಲೆ ನಿಂತವನು ಏನು ಹೇಳಿದನೆಂದು ಅವನಿಗೇ ನೆನಪಿರಲಿಲ್ಲ. ಒಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು ಎಂಬುದಷ್ಟೇ ನೆನಪು. ಅಕ್ಕನನ್ನು ಕರೆದು ಕೇಳಿದರೆ ಅವಳು, "ನನ್ನ ಕಿವಿ ಗರ್ನಾಲಿಗೇ ಮುಚ್ಚಿ ಹೋಗಿತ್ತಪ್ಪಾ. ನಿಮ್ಮ ಸಂಸಾರದ ಮಧ್ಯ ನನ್ನ ಎಳೀಬೇಡಿ," ಎಂದು ಬಂದ ದಾರಿಯಲ್ಲೇ ಹೋದಳು.

"ಆತು ಬಿಡಿ," ಎಂದಳು ಮಾಲಿನಿ. "ರಾಜೇಶನ ಟೇಪಲ್ಲಿ ಇರ್ತದೆ. ನೋಡಿದ್ರೆ ಮುಗೀತು."

ಆ ದಿನ ಅಡಿಗೆ ಯಾರೂ ಮಾಡಲಿಲ್ಲ. ಇಬ್ಬರೂ ಅವಲಕ್ಕಿ ತಿಂದರು. ದಿನಕರನ ಮನಸ್ಸಿನ ಒಂದು ಮೂಲೆ ಮಾತ್ರ, ನೀನು ಹೇಳಿರಲಿಕ್ಕೂ ಸಾಕು ಎನ್ನುತ್ತಿತ್ತು. ಹೇಳಿದ್ದು ಟೇಪಿನಲ್ಲಿದ್ದರೆ ಆಯುಷ್ಯದ ಭಾನುವಾರಗಳೆಲ್ಲ ಹೋದವು.

ಮರುದಿನ ರಜೆ ಹಾಕಿ ಬಸ್ಸು ಹತ್ತಿ ಭಟ್ಕಳಕ್ಕೆ ಹೋದ. ರಾಜೇಶ ತನ್ನ ಸ್ಟುಡಿಯೋದಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

"ಭಾವ, ಒಂದು ಸಮಸ್ಯೆ ಆಯ್ತು," ಎಂದ. "ನಿಮ್ಮ ಮದುವೆ ಯಾವುದರಲ್ಲಿ ಹಾಕ್ಲಿ? ಇಂಥ ಸ್ಪಷ್ಟ ಚಿತ್ರ ಹಾಕುಕೆ ಎರಡು ನಮೂನೆ ಡಿಸ್ಕ್ ಬಂದಿದೆ. ಒಂದು ಬ್ಲೂ-ರೇ, ಅದು ನೀಲಿ ಡಬ್ಬಿಯಲ್ಲಿ ಬತ್ತದೆ. ಇನ್ನೊಂದು ಎಚ್‌ಡಿ ಡಿವಿಡಿ, ಕೆಂಪು ಡಬ್ಬಿ. ನೀಲಿಯದು ಕೆಂಪು ಮಷೀನಿನಲ್ಲಿ ಓಡೂದಿಲ್ಲ, ಕೆಂಪಿಂದು ನೀಲಿಯಲ್ಲಿ ಓಡೂದಿಲ್ಲ. ಎರಡ್ರಲ್ಲಿ ಒಂದು ಕಂಪನಿ ಮುಳುಗ್ತದೆ ಅಂತಾರೆ. ಮುಳುಗಿದ್ದರಲ್ಲಿ ನಿಮ್ಮ ಮದುವೆ ಇದ್ರೆ ಮುಗೀತು. ಚಾ ಲೋಟ ಇಡುಕೆ ತಟ್ಟೆ ಆಗ್ತದೆ ಅಷ್ಟೆ."

"ಸಾದಾ ಡಿವಿಡಿ?"

"ಸಾದಾ ಡಿವಿಡಿಯಲ್ಲಿ ಹಾಕ್ಲಿಕ್ಕೆ ನಾನು ಈ ಕ್ಯಾಮೆರಾ ತರ್ಸಬೇಕಿತ್ತಾ, ಭಾವ? ಹಾಗೆ ಮಾತ್ರ ಹೇಳಬೇಡಿ."

ದಿನಕರ ಸ್ಟುಡಿಯೋದ ಬೆಂಚಿನ ಮೇಲೆ ಕೂತ. ಅವನ ಜೀವನದಲ್ಲಿ ಇಷ್ಟು ಚೆನ್ನಾದ ಸುದ್ದಿಯನ್ನು ಅವನು ಕೇಳಿಯೇ ಇರಲಿಲ್ಲ. ನಿರ್ಣಯವಾಗದ ಪ್ರಶ್ನೆ! ಅದೂ ಜಗತ್ತಿನ ಮಟ್ಟದ್ದು.

"ರಾಜೇಶ," ಎಂದ, "ಇದು ನಾವಿಬ್ಬರೇ ಕೂತು ತೀರ್ಮಾನಿಸೋ ವಿಷಯ ಅಲ್ಲ. ಇದಕ್ಕೊಂದು ಸಮಿತಿ ಆಗ್ಬೇಕು."

ಮುಂದಿನ ವಾರವೇ ಮೂರೂ ಊರಿನ ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ಪ್ರಕಟಣೆ ಕಾಣಿಸಿತು.

"ಸಾರ್ವಜನಿಕರ ಗಮನಕ್ಕೆ. ಅತಿಸ್ಪಷ್ಟ ಚಿತ್ರದ ತಟ್ಟೆಗಳು ಎರಡು ಬಗೆಯಾಗಿರುವುದರಿಂದ ಗ್ರಾಹಕರಲ್ಲಿ ಗೊಂದಲ ಉಂಟಾಗಿರುವುದು ಅಥವಾ ಉಂಟಾಗಬಹುದಾಗಿರುವುದು ಗಮನಕ್ಕೆ ಬಂದಿದೆ. ಸದರಿ ಗೊಂದಲವನ್ನು ಕ್ರಮಬದ್ಧಗೊಳಿಸುವ ಸಲುವಾಗಿ ತ್ರಿತಾಲೂಕು ತಟ್ಟೆ ನಿರ್ಣಯ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯ ನಿರ್ಣಯ ಹೊರಬೀಳುವವರೆಗೆ ಯಾರೂ ನೀಲಿಯನ್ನಾಗಲಿ ಕೆಂಪನ್ನಾಗಲಿ ಕೊಳ್ಳತಕ್ಕದ್ದಲ್ಲ. ಕೊಳ್ಳುವ ಶಕ್ತಿ ಇಲ್ಲದವರಿಗೂ ಈ ಪ್ರಕಟಣೆ ಅನ್ವಯಿಸುತ್ತದೆ."

ಕೊನೆಯ ವಾಕ್ಯವನ್ನು ದಿನಕರ ಅಭ್ಯಾಸಬಲದಿಂದ ಬರೆದದ್ದು. ಆದರೆ ಸಮಿತಿಯನ್ನು ಗೆಲ್ಲಿಸಿದ್ದು ಅದೇ. ಅಂಥ ಮಷೀನನ್ನು ಕನಸಿನಲ್ಲೂ ಕೊಳ್ಳಲಾರದ ಸಾವಿರಾರು ಜನ ಒಂದೇ ದಿನದಲ್ಲಿ ಕೊಳ್ಳದೆ ಕಾಯುತ್ತಿರುವವರಾದರು. ಮನೆಗೆ ಬಂದ ನೆಂಟರು ಗೋಡೆಯ ಮೂಲೆಯ ಡಬ್ಬಿ ಟಿವಿಯನ್ನು ನೋಡಿ ಮುಖ ಮುರಿದರೆ, ಮನೆಯವರು, "ನಾವು ಸಮಿತಿಯ ನಿರ್ಣಯಕ್ಕೆ ಕಾಯ್ತಾ ಇದ್ದೇವೆ," ಎಂದು ಗಂಭೀರವಾಗಿ ಹೇಳತೊಡಗಿದರು. ಕಾರ್ಯದರ್ಶಿ ದಿನಕರನೇ. ಅಧ್ಯಕ್ಷರಾಗಿ ಸಿಕ್ಕವರು ಕಾಸರಕೋಡಿನ ಐಸ್ ಫ್ಯಾಕ್ಟರಿಯ ಮಾಸ್ತಿ, ಊರಿಗೆಲ್ಲ ಮಾಸ್ತಣ್ಣ. ಹೆಂಡತಿ ದೊಡ್ಡ ಟಿವಿ ಬೇಕೆಂದು ಎರಡು ವರ್ಷದಿಂದ ಹಿಡಿದ ಹಟಕ್ಕೆ ಅವರು ಉತ್ತರ ಹುಡುಕುತ್ತಿದ್ದರು.

ಸಮಿತಿಗೆ ಹನ್ನೊಂದು ನಿಯಮಗಳು. ಇಲ್ಲಿ ಮೂರು ಸಾಕು.

ನಿಯಮ ೩: ಕಂಪನಿಗಳ ಜಾಹೀರಾತು, ಪತ್ರಿಕೆಗಳ ಸುದ್ದಿ ಮತ್ತು ಸದಸ್ಯರ ಅಳಿಯಂದಿರ ಅಭಿಪ್ರಾಯಗಳನ್ನು ನಿರ್ಣಯಕ್ಕೆ ಆಧಾರವಾಗಿ ಪರಿಗಣಿಸತಕ್ಕದ್ದಲ್ಲ.

ನಿಯಮ ೭: ನಿರ್ಣಯಕ್ಕೆ ಮೊದಲು ಯಾರಾದರೂ ಅತಿಸ್ಪಷ್ಟ ಚಿತ್ರವನ್ನು ನೋಡಿದಲ್ಲಿ, ನೋಡಿದ್ದನ್ನು ನೋಡಿಲ್ಲವೆಂದೇ ತಿಳಿಯತಕ್ಕದ್ದು.

ನಿಯಮ ೧೧: ವಿಷಯವು ವಿಚಾರಣೆಯಲ್ಲಿರುವಾಗ, ತಡವಾದ ಕಾರಣದಿಂದ ಯಾವ ಪಕ್ಷಕ್ಕೂ ತೊಂದರೆಯಾಗದಂತೆ ತಾತ್ಕಾಲಿಕ ವ್ಯವಸ್ಥೆ ಮಾಡತಕ್ಕದ್ದು.

ಏಳನೆಯದನ್ನು ದಿನಕರ ತಲೆ ಓಡಿಸಿ ಬರೆದ. ಕ್ಯಾಮೆರಾದ ಸಣ್ಣ ಪರದೆಯಲ್ಲೇ ಟೇಪು ನೋಡಿಬಿಡೋಣ ಎಂದು ಮಾಲಿನಿ ಹೊರಟದ್ದು ಅದರಿಂದ ನಿಂತಿತು. ಟೇಪನ್ನು ಅರಗಿನ ಮುದ್ರೆ ಹಾಕಿ ಐಸ್ ಫ್ಯಾಕ್ಟರಿಯ ಆಫೀಸಿನ ಕಪಾಟಿನಲ್ಲಿ ಇಡಲಾಯಿತು. ಅಲ್ಲಿ ಏನಿಟ್ಟರೂ ಕೆಡುವುದಿಲ್ಲ. ಹನ್ನೊಂದನೆಯದನ್ನು ಯಾವುದೋ ಹಳೆಯ ಕಡತದಿಂದ ಎತ್ತಿ ಹಾಕಿದ. ಹತ್ತಕ್ಕೇ ನಿಲ್ಲಿಸಿದರೆ ಗಡಿಬಿಡಿಯಲ್ಲಿ ಮಾಡಿದಂತೆ ಕಾಣುತ್ತದೆ ಎಂದು. ಆ ನಿಯಮವನ್ನು ಅವನು ಎರಡನೆಯ ಸಲ ಓದಲಿಲ್ಲ. ಮಾಲಿನಿ ಓದಿದಳು.

ಮೊದಲ ಕಾರ್ಯಕ್ರಮ ಅಧ್ಯಯನ ಪ್ರವಾಸ. ಭಟ್ಕಳದ ಒಂದು ಮನೆಯಲ್ಲಿ ಎರಡೂ ಮಷೀನು ಇದ್ದವು. ಅಣ್ಣ ದುಬೈಯಿಂದ ನೀಲಿ ತಂದಿದ್ದ, ತಮ್ಮ ದಮ್ಮಾಮಿನಿಂದ ಕೆಂಪು ತಂದಿದ್ದ. ಇವು ಕೊಂಡದ್ದಲ್ಲ, ಬಂದದ್ದು. ಆದ್ದರಿಂದ ಪ್ರಕಟಣೆಯ ಉಲ್ಲಂಘನೆಯಲ್ಲ. ಸಮಿತಿ ಹೋದಾಗ ಮನೆಯವರು ಎರಡು ಮಷೀನಿನ ಮೇಲೂ ಕಸೂತಿ ಬಟ್ಟೆ ಹೊದಿಸಿ, ಮಾಮೂಲಿ ಕೇಬಲ್ಲಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ಸಮಿತಿಗೆ ಬಿರಿಯಾನಿ ಬಡಿಸಿದರು. ಹದಿನಾಲ್ಕು ಪುಟದ ವರದಿಯಲ್ಲಿ ಹನ್ನೆರಡು ಪುಟ ಬಿರಿಯಾನಿಯ ಬಗ್ಗೆ ಇದೆ. ಉಳಿದ ಎರಡರ ಸಾರಾಂಶ: "ನೀಲಿ ಚಿತ್ರಕ್ಕೂ ಕೆಂಪು ಚಿತ್ರಕ್ಕೂ ವ್ಯತ್ಯಾಸ ಕಂಡುಬಂದಿಲ್ಲ. ಊಟದ ನಂತರ ವೀಕ್ಷಿಸಿದ ಕಾರಣ ಕೆಲವು ಸದಸ್ಯರಿಗೆ ಚಿತ್ರವೇ ಕಂಡುಬಂದಿಲ್ಲ. ನಿಯಮ ೭ರ ಪ್ರಕಾರ ಸಮಿತಿಯು ಏನನ್ನೂ ನೋಡಿರುವುದಿಲ್ಲ."

ಇಷ್ಟರಲ್ಲಿ ಮಾಲಿನಿ ಸಮಿತಿಗೆ ಲಿಖಿತ ಮನವಿ ಕೊಟ್ಟಳು: ಬೇಗ ನಿರ್ಣಯಿಸಿ ನನ್ನ ಮದುವೆ ನನಗೆ ತೋರಿಸಿ. ದಿನಕರ ಅದನ್ನು ಆವಕ ಮಾಡಿ, ನಂಬರು ಹಾಕಿ, ಅಂಚೆಯಲ್ಲಿ ಉತ್ತರ ಕಳಿಸಿದ. ಹೊನ್ನಾವರದಲ್ಲಿ ಡಬ್ಬಿಗೆ ಬಿದ್ದ ಪತ್ರ ಮೂರು ದಿನ ಬಿಟ್ಟು ಕಾಸರಕೋಡಿನ ಅವರದೇ ಮನೆಗೆ ಬಂತು. ಜಗುಲಿಯಲ್ಲಿ ಕೂತಿದ್ದ ದಿನಕರನೇ ಅದನ್ನು ಪೋಸ್ಟ್‌ಮ್ಯಾನನಿಂದ ತೆಗೆದುಕೊಂಡು ಒಳಗೆ ಕೊಟ್ಟ.

"ಎಂತ ಬರ್ದಿದ್ದಾರೆ?" ಎಂದು ಕೇಳಿದ.

"ಪರಿಶೀಲನೆಯಲ್ಲಿದೆಯಂತೆ," ಎಂದಳು ಮಾಲಿನಿ. "ಸಹಿ ಯಾರದ್ದೋ ಕಾಗೆ ಕಾಲಿನ ಹಾಗಿದೆ."

ಜುಲೈ ಬಂತು. ಮಳೆ ಹಿಡಿಯಿತು. ಬೋಟುಗಳು ದಡಕ್ಕೆ ಬಂದು, ಐಸ್ ಕೇಳುವವರಿಲ್ಲದೆ ಮಾಸ್ತಣ್ಣನಿಗೆ ಪುರುಸೊತ್ತಾಯಿತು. ಪುರುಸೊತ್ತಾದವರು ಯೋಚನೆ ಮಾಡುತ್ತಾರೆ. "ಏ ದಿನಕರ, ಹೀಗೆ ಎಷ್ಟು ದಿನ? ಒಂದು ತೀರ್ಮಾನ ಅಂತ ಆಗ್ಬೇಕಲ್ಲ ಮಾರಾಯ," ಎಂದರು ಸಭೆಯಲ್ಲಿ.

ಸಾರ್ವಜನಿಕರ ಸಾಲಿನಲ್ಲಿ ಕೂತಿದ್ದ ಮಾಲಿನಿ ಎದ್ದು ನಿಂತಳು. "ಮಾಸ್ತಣ್ಣ, ಯಕ್ಷಗಾನದ ಕರ್ಕಿ ಇಲ್ಲೇ ಇದೆ. ಒಂದು ತಾಳಮದ್ದಳೆ ಇಟ್ರೆ ಆಯ್ತಪ್ಪ. ನೀಲಿ ಪರ ಒಬ್ಬರು ಅರ್ಥಧಾರಿ, ಕೆಂಪು ಪರ ಒಬ್ಬರು. ಎದುರುಬದುರು ಕೂತು ವಾದ ಮಾಡ್ಲಿ. ಗೆದ್ದದ್ದು ಗೆದ್ದಿತು."

ಸಭೆ ತಲೆದೂಗಿತು. ಈ ಕರಾವಳಿಯಲ್ಲಿ ವೇಷ ಕಟ್ಟದೆ, ಕುಣಿಯದೆ, ಬರೀ ಕೂತು ಮಾತಿನಲ್ಲೇ ಯುದ್ಧ ಮುಗಿಸುವ ಇಂಥ ಏರ್ಪಾಡು ಇರುವಾಗ ಬೇರೆಯವರ ಹಾಗೆ ಮಾರುಕಟ್ಟೆಯನ್ನು ಕೇಳುವುದು ಅವಮಾನವಲ್ಲವೇ? ದಿನಕರನೂ ಒಪ್ಪಿದ. ತಾಳಮದ್ದಳೆ ಬೇಗ ಮುಗಿದದ್ದನ್ನು ಅವನು ಕೇಳಿರಲಿಲ್ಲ.

ಕರ್ಕಿಯ ಸಭಾಭವನ, ಭಾನುವಾರ ಮಧ್ಯಾಹ್ನ ಎರಡು ಗಂಟೆ. ನೀಲಿಗೆ ಕರ್ಕಿಯವರೇ ಆದ ವೆಂಕಟ್ರಮಣ ಹೆಗಡೆಯವರು, ಕೆಂಪಿಗೆ ಕುಮಟೆಯ ಹರೀಶ ಮಾಸ್ತರು. ಹೆಗಡೆಯವರು ಒಮ್ಮೆ ದೂತನ ಪಾತ್ರಕ್ಕೆ ಕೂತು ರಾಜನಿಗೆ ಮಾತು ಸಿಗದಂತೆ ಮಾಡಿದವರು. ಮಾಸ್ತರು ಹಿಂದೊಮ್ಮೆ ಜ್ವರದಲ್ಲಿ ಅರ್ಥ ಹೇಳಿ, ಎದುರಿನವರಿಗೆ ಜ್ವರ ಬರಿಸಿದವರು. ಭಾಗವತರಿಗೆ ಹಾಡುವುದಕ್ಕೆ ಪದ್ಯವಿರಲಿಲ್ಲವಾಗಿ ಮಷೀನಿನ ಜೊತೆ ಬಂದ ಸೂಚನಾ ಪುಸ್ತಿಕೆಯನ್ನೇ ರಾಗಕ್ಕೆ ಹಾಕಿದರು. 'ತೇವವಿರುವ ಜಾಗದಲ್ಲಿ ಇಡಬಾರದು' ಎಂಬುದನ್ನು ಅವರು ಕರುಣವಾಗಿ ಎರಡು ಸಲ ಎತ್ತಿ ಹಾಡಿದಾಗ ಹೊರಗೆ ಮಳೆ ಸುರಿಯುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು.

ಹೆಗಡೆಯವರು ಶುರು ಮಾಡಿದರು: "ಆಕಾಶ ಯಾವ ಬಣ್ಣ? ಸಮುದ್ರ ಯಾವ ಬಣ್ಣ? ಲೋಕದಲ್ಲಿ ಅಳತೆಗೆ ಸಿಗದ್ದೆಲ್ಲ ನೀಲಿ. ನನ್ನಲ್ಲಿ ಹಿಡಿಸುವಷ್ಟು ನಿನ್ನಲ್ಲಿ ಹಿಡಿಸುತ್ತದೆಯೇ, ಹೇ ಕೆಂಪು ತಟ್ಟೆಯೇ?"

ಮಾಸ್ತರು ನಕ್ಕರು. "ಹಿಡಿಸುವುದರಿಂದ ದೊಡ್ಡವನಾದೆಯಾ? ಗೋಣಿಚೀಲದಲ್ಲೂ ಬಹಳ ಹಿಡಿಸುತ್ತದೆ. ಸೂರ್ಯ ಹುಟ್ಟುವಾಗ ಕೆಂಪು, ಮುಳುಗುವಾಗ ಕೆಂಪು. ನಡುವೆ ನೀನು ಆಕಾಶವೆಂದು ಮೆರೆಯುವುದು ಅವನು ಬೆಳಕು ಕೊಟ್ಟದ್ದರಿಂದ."

ಚಪ್ಪಾಳೆ. ನಾಲ್ಕಾಯಿತು, ಐದಾಯಿತು. ಹೆಗಡೆಯವರು ಏರಿದರೆ ಮಾಸ್ತರು ಇನ್ನೊಂದು ಮೆಟ್ಟಿಲು ಏರಿದರು. ಆರು ಗಂಟೆಗೆ ಮಾಸ್ತಣ್ಣ ಚಹಾ ಎಂದು ನಿಲ್ಲಿಸಿ ಇಬ್ಬರನ್ನೂ ಪಕ್ಕಕ್ಕೆ ಕರೆದರು.

"ಹೆಗಡೇರೆ, ಸೋಲೂದು ಯಾರು?"

ಹೆಗಡೆಯವರು ಚಹಾ ಲೋಟ ಕೆಳಗಿಟ್ಟು ಮನೆಮಾತಿಗೆ ಇಳಿದರು. "ನೋಡಿ ಮಾಸ್ತಿ, ಸೋಲವು ಹೇಳಿ ಪ್ರಸಂಗದಲ್ಲಿ ಇದ್ರೆ ಆನು ಸಂತೋಷದಲ್ಲಿ ಸೋಲ್ತೆ. ನಲವತ್ತು ವರ್ಷ ಸೋತಿದ್ದೆ. ಎಷ್ಟು ವಾದ ಮಾಡಿರೂ ಕಡೆಗೆ ಪ್ರಸಂಗದಲ್ಲಿ ಸೋತವ ಸೋಲವು. ಇದಕ್ಕೆ ಪ್ರಸಂಗವೇ ಇಲ್ಲೆ. ಬರೆಯದೇ ಹೋದ್ದಕ್ಕೆ ಆನು ಹೇಂಗೆ ಸೋಲವು?"

"ಹಾಗಾದ್ರೆ ಮಾಸ್ತರೇ, ನೀವು?"

"ನಾನು ಕುಮಟೆಯಿಂದ ಬಸ್ಸಲ್ಲಿ ನಿಂತ್ಕಂಡು ಬಂದವ," ಎಂದರು ಮಾಸ್ತರು. "ಸೋಲುಕೆ ಅಂತ ಯಾರಾದ್ರೂ ನಿಂತ್ಕಂಡು ಬರ್ತಾರಾ?"

ಹೀಗೆ, ಇಡೀ ಮೂರು ತಾಲೂಕಿನಲ್ಲಿ ಯಾರಿಗೂ ಹೊಳೆಯದೆ ಹೋದದ್ದು ಹೊಳೆಯಿತು: ಯಾರು ಸೋಲಬೇಕೆಂದು ಮೊದಲೇ ಬರೆದಿಟ್ಟಿದ್ದರೆ ಮಾತ್ರ ತಾಳಮದ್ದಳೆ ಮುಗಿಯುತ್ತದೆ. ಮಾಸ್ತಣ್ಣ ಸಭೆಗೆ ಬಂದು, "ಉಳಿದ ಭಾಗ ಬರುವ ವರ್ಷ ಆಷಾಢದಲ್ಲಿ," ಎಂದು ಘೋಷಿಸಿದರು. ದಿನಕರ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದ.

ಕಣ್ಣು ತೆರೆಯುವಾಗ ಮಾಲಿನಿ ವೇದಿಕೆಯ ಮುಂದೆ ನಿಂತಿದ್ದಳು. ಕೈಯಲ್ಲಿ ನಿಯಮಾವಳಿ.

"ಅಧ್ಯಕ್ಷರೇ, ನಿಯಮ ಹನ್ನೊಂದು. ವಿಷಯ ವಿಚಾರಣೆಯಲ್ಲಿದೆ, ತಡ ಆಗ್ತಾ ಇದೆ. ತಡ ಆದಷ್ಟೂ ನನ್ನ ಭಾನುವಾರ ಹೋಗ್ತಾ ಇದೆ. ಇವರು ಒಪ್ಪಿದ್ದಾರೋ ಇಲ್ವೋ ಟೇಪು ನೋಡಿದ್ರೆ ಗೊತ್ತಾಗ್ತದೆ. ತಟ್ಟೆ ನಿರ್ಣಯ ಆಗ್ದೆ ಟೇಪು ನೋಡುವ ಹಾಗಿಲ್ಲ. ಅಲ್ಲಿವರೆಗೆ ತಾತ್ಕಾಲಿಕವಾಗಿ ಭಾನುವಾರದ ಅಡಿಗೆ ಇವರು ಮಾಡ್ಲಿ. ಆಮೇಲೆ ಟೇಪಲ್ಲಿ ಒಪ್ಪಿಲ್ಲ ಅಂತ ಬಂದ್ರೆ ಅಷ್ಟೂ ಭಾನುವಾರ ನಾನು ವಾಪಸ್ ಮಾಡಿಕೊಡ್ತೆ."

"ಇದಕ್ಕೂ ತಟ್ಟೆಗೂ ಸಂಬಂಧ ಇಲ್ಲ," ಎಂದ ದಿನಕರ.

"ಕಾರ್ಯದರ್ಶಿಯವರು ಪಕ್ಷಗಾರರು. ಮಾತಾಡುವ ಹಾಗಿಲ್ಲ," ಎಂದಳು ಮಾಲಿನಿ.

ಹೆಗಡೆಯವರು ಮಾಸ್ತರ ಮುಖ ನೋಡಿದರು. ನಾಲ್ಕು ತಾಸು ಒಂದು ಮಾತಿಗೂ ಒಪ್ಪದ ಇಬ್ಬರೂ ಇದೊಂದಕ್ಕೆ ಒಟ್ಟಿಗೆ ತಲೆಯಾಡಿಸಿದರು. ಆ ಸಭೆಯ ಏಕೈಕ ಸರ್ವಾನುಮತದ ಠರಾವು ಅದು. ನಡಾವಳಿ ಬರೆದವನು ದಿನಕರನೇ.

ಮರುವಾರದಿಂದ ದಿನಕರ ಕಾಯಿ ತುರಿದ. ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡುವುದಕ್ಕೆ ಐದು ಜನರ ಪಾಲನಾ ಉಪಸಮಿತಿ ನೇಮಕವಾಯಿತು. ಉಪಸಮಿತಿ ಪ್ರತಿ ಭಾನುವಾರ ಹನ್ನೆರಡೂವರೆಗೆ ಬಂದು ಪರಿಶೀಲಿಸುತ್ತದೆ. ನೋಡಿ ಪರಿಶೀಲಿಸುವಂತಿಲ್ಲ, ನಿಯಮ ೭ ಇದೆ, ತಿಂದೇ ಪರಿಶೀಲಿಸಬೇಕು. ಮಾಸ್ತಣ್ಣ ಅನ್ನ ಮತ್ತು ಮೀನು ಪಳದಿ ಪರಿಶೀಲಿಸುತ್ತಾರೆ. ಮಾಸ್ತರು ಹುರಿದ ಬಂಗಡೆ ಪರಿಶೀಲಿಸುತ್ತಾರೆ. ಹೆ‌ಗಡೆಯವರಿಗೆ ಹಿತ್ತಲ ಕಟ್ಟೆಯಲ್ಲಿ, ಸಮಿತಿಯೇ ತೆಗೆಸಿಕೊಟ್ಟ, ಮೀನು ಸೋಕದ ಬೇರೆ ಪಾತ್ರೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ. ಪಳದಿಗೆ ಹುಳಿ ಹೆಚ್ಚಾದ ಒಂದು ಭಾನುವಾರ ಉಪಸಮಿತಿ ಅವನಿಗೆ ಕಾರಣ ಕೇಳಿ ನೋಟೀಸು ಕೊಟ್ಟಿತು. ಜಾವಕ ನಂಬರು ಹಾಕಿ ಆ ನೋಟೀಸನ್ನು ಕಳಿಸಿದವನೂ ಅವನೇ.

ಈಗ ಜಗತ್ತಿನಲ್ಲಿ ತಟ್ಟೆಯ ನಿರ್ಣಯ ಬೇಗ ಆಗಲಿ ಎಂದು ಬೇಡುವವನು ದಿನಕರ ಒಬ್ಬನೇ ಆದ. ಮೊದಲು ಏನೇ ಆಗಲಿ ತಡವಾಗಲಿ ಎನ್ನುತ್ತಿದ್ದವನು, ಟೇಪಿನಲ್ಲಿ ಏನೇ ಇರಲಿ ಒಮ್ಮೆ ತಿಳಿದು ಹೋಗಲಿ ಎನ್ನತೊಡಗಿದ. ೨೦೦೮ರ ಫೆಬ್ರುವರಿಯಲ್ಲಿ ಕೆಂಪು ತಟ್ಟೆ ಮಾಡುವವರು ಕೈಚೆಲ್ಲಿದರು ಎಂದು ಪೇಪರಿನಲ್ಲಿ ಬಂತು. ದಿನಕರ ಆ ಪೇಪರನ್ನು ಎದೆಗವಚಿಕೊಂಡು ಐಸ್ ಫ್ಯಾಕ್ಟರಿಗೆ ಓಡಿದ.

"ಮಾಸ್ತಣ್ಣ, ಮುಗೀತು. ಕೆಂಪು ಹೋಯ್ತು. ನೀಲಿ ಗೆದ್ತು."

ಮಾಸ್ತಣ್ಣ ಪೇಪರನ್ನು ಓದಿ ಮಡಚಿದರು. "ನಿಯಮ ಮೂರು, ದಿನಕರ. ಪೇಪರಿನ ಸುದ್ದಿ ಆಧಾರ ಅಲ್ಲ."

"ಇಡೀ ಲೋಕಕ್ಕೇ ಗೊತ್ತಾಗಿದೆ."

"ಲೋಕ ಸಮಿತಿಗೆ ಬರೆದು ತಿಳಿಸಿಲ್ಲ."

ಕುಮಟೆಗೆ ಫೋನು ಹೋಯಿತು. ಹರೀಶ ಮಾಸ್ತರು ಹೇಳಿದ್ದು ಒಂದೇ ಮಾತು: "ಕಂಪನಿ ಸೋತಿರಬಹುದು. ಕಂಪನಿಯ ಪರ ನಾನು ಮಾತಾಡಿದ್ದಲ್ಲ. ಕೆಂಪಿನ ಪರ ಮಾತಾಡಿದ್ದು. ನಾನಿನ್ನೂ ಸೋತಿಲ್ಲ."

ಊರಿನಲ್ಲೂ ಗುಸುಗುಸು ಎದ್ದಿತು. ನಿರ್ಣಯವಾದರೆ ಎಲ್ಲರೂ ನೀಲಿ ಕೊಳ್ಳಬೇಕಾಗುತ್ತದೆಯಂತೆ. ಇಷ್ಟು ದಿನ ಕಾಯುತ್ತಿದ್ದೇವೆ ಎಂದವರು ಇನ್ನು ಮೇಲೆ ಆಗುವುದಿಲ್ಲ ಎನ್ನಬೇಕಾಗುತ್ತದೆಯಂತೆ. ಕಾಯುವವರ ನಿಯೋಗ ಬಂದು ಮಾಸ್ತಣ್ಣನಿಗೆ ಮನವಿ ಕೊಟ್ಟಿತು: ದಯವಿಟ್ಟು ಸಮಗ್ರವಾಗಿ ಪರಿಶೀಲಿಸಿ. ಪರಿಶೀಲನೆ ಮುಂದುವರಿಯಿತು. ಎರಡನೆಯ ಆಷಾಢಕ್ಕೆ ಪೆನ್‌ಡ್ರೈವ್ ತನ್ನನ್ನೂ ಪಕ್ಷಗಾರನಾಗಿ ಸೇರಿಸಬೇಕೆಂದಿತು. ಅದರ ಪರ ಅರ್ಥ ಹೇಳಲು ಒಬ್ಬ ಬ್ಯಾಂಕ್ ಮ್ಯಾನೇಜರು ಬಂದರು. ಆಮೇಲೆ ಮೊಬೈಲು ಬಂತು, ಇಂಟರ್‌ನೆಟ್ ಬಂತು. ಈಗ ಕರ್ಕಿಯ ವೇದಿಕೆಯಲ್ಲಿ ಭಾಗವತರೂ ಸೇರಿ ಆರು ಜನ ಕೂರುತ್ತಾರೆ. ಹರೀಶ ಮಾಸ್ತರಿಗೆ ಎಪ್ಪತ್ತು ದಾಟಿತು. ಕೆಂಪಿನ ಪರವಾಗಿ ಅವರು ಮೊನ್ನೆ ಹೇಳಿದ ಅರ್ಥಕ್ಕೆ ಸರಿಗಟ್ಟುವಂಥದ್ದು ಕೆಂಪು ತಟ್ಟೆ ಬದುಕಿದ್ದಾಗಲೂ ಬಂದಿರಲಿಲ್ಲ.

ಹದಿನೇಳು ವರ್ಷ ಹೀಗೆ ಹೋದವು. ಕಳೆದ ವರ್ಷ ಐಸ್ ಫ್ಯಾಕ್ಟರಿಗೆ ಬಣ್ಣ ಹೊಡೆಯುವಾಗ ಕಪಾಟು ಖಾಲಿ ಮಾಡಬೇಕಾಗಿ ಬಂದು, ಟೇಪಿನ ಡಬ್ಬಿ ಎರಡು ದಿನದ ಮಟ್ಟಿಗೆ ಕಾರ್ಯದರ್ಶಿಯ ವಶಕ್ಕೆ ಬಂತು. ದಿನಕರ ಡಬ್ಬಿಯನ್ನು ಮೀನಿನ ಚೀಲದಲ್ಲಿ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದ. ತಲೆ ನರೆತ ರಾಜೇಶ ಅಟ್ಟದಿಂದ ಹಳೆಯ ಕ್ಯಾಮೆರಾ ಇಳಿಸಿ, ಧೂಳು ಊದಿ, ಬಾಗಿಲು ಹಾಕಿದ. ಅರಗು ಒಡೆಯಿತು. ಟೇಪು ಓಡಿತು.

ಅಬ್ಬಾ, ಎಂಥ ಸ್ಪಷ್ಟತೆ. ಹೊಸ್ತಿಲಿನ ರಂಗೋಲಿಯ ಒಂದೊಂದು ಚುಕ್ಕಿ ಕಂಡಿತು. ತೆಳ್ಳಗಿನ ದಿನಕರ ಕಂಡ. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಮಾಲಿನಿ ಕಂಡಳು. ಆ ನಗುವನ್ನು ಅವನು ಅಂದು ನೋಡಿರಲಿಲ್ಲ, ಸಾಂಬಾರಿನ ಕಡೆ ನೋಡುತ್ತಿದ್ದ. ಶ್ರೀಮತಿ ಕೇಳಿದಳು. ಗರ್ನಾಲು ಸಿಡಿಯುವುದಕ್ಕೆ ಅರೆಗಳಿಗೆ ಮೊದಲು, ಹಸಿದ ಮದುಮಗ ನಿಚ್ಚಳವಾಗಿ ಹೇಳಿದ:

"ಆಮೇಲೆ ನೋಡುವಾ."

ರಾಜೇಶ ಇನ್ನೊಮ್ಮೆ ಓಡಿಸಿದ. ಅದೇ ಮಾತು.

"ಭಾವ," ಎಂದ ರಾಜೇಶ ಮೆಲ್ಲಗೆ, "ನೀವು ಒಪ್ಪಿರ್ಲೇ ಇಲ್ಲ. ಆವತ್ತೇ ಟೇಪು ನೋಡಿದ್ರೆ ಆವತ್ತೇ ಗೆದ್ದಿರ್ತಿದ್ರಿ."

ದಿನಕರ ಹದಿನೇಳು ವರ್ಷಕ್ಕೆ ಭಾನುವಾರ ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟ.

ಆ ಆಷಾಢದಲ್ಲಿ ಶನಿವಾರ ನಡೆದ ತಾಳಮದ್ದಳೆಯಲ್ಲಿ ಅವನು ಪಕ್ಷಗಾರನಾಗಿ ಎದ್ದು ನಿಂತು ಎಲ್ಲ ಹೇಳಿದ. ಪಾಲನಾ ಉಪಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮುಂದಿನ ಭಾನುವಾರಗಳು ತೂಗುಯ್ಯಾಲೆಯಲ್ಲಿದ್ದವು.

"ನಿಯಮ ಏಳು," ಎಂದರು ಮಾಸ್ತಣ್ಣ ಕೊನೆಗೆ, ಸ್ವಲ್ಪ ಸಂಕೋಚದಿಂದಲೇ. "ನೀ ನೋಡಿದ್ದನ್ನು ನೋಡಿಲ್ಲ ಅಂತ ತಿಳೀಬೇಕಾಗ್ತದೆ, ದಿನಕರ. ನೀನೇ ಬರ್ದದ್ದು."

"ಹೋಗ್ಲಿ ಮಾಸ್ತಣ್ಣ, ನೋಡಿದ್ದಾರೆ ಅಂತಲೇ ಇಟ್ಕಳಿ," ಎಂದಳು ಮಾಲಿನಿ. ಕೂದಲ ಒಂದು ಎಳೆ ಬೆಳ್ಳಗಾಗಿತ್ತು. ದನಿ ಮಾತ್ರ ಅದೇ ಟೀಚರಿನದು. "ಅರ್ಥ ಹೇಳುಕೆ ದೊಡ್ಡವರು ಕೂತಿದ್ದಾರೆ. 'ಆಮೇಲೆ ನೋಡುವಾ' ಅಂದ್ರೆ ಎಂತ ಅಂತ ಹೇಳ್ಲಿ."

ವೆಂಕಟ್ರಮಣ ಹೆಗಡೆಯವರು ಶಾಲು ಸರಿಮಾಡಿಕೊಂಡರು. ವಯಸ್ಸಾದ ಮೇಲೆ ಅವರು ವೇದಿಕೆಯಲ್ಲೂ ಮನೆಮಾತನ್ನೇ ಆಡುತ್ತಾರೆ. "ಆಮೇಲೆ ನೋಡುವಾ ಹೇಳಿರೆ ಇಲ್ಲೆ ಹೇಳಿದಂಗಲ್ಲ. ಹೌದು ಹೇಳಿದಂಗೂ ಅಲ್ಲ. ಹಂಗಾದ್ರೆ ಯಾವಾಗ? ಆಮೇಲೆ. ಯಾವುದರ ಆಮೇಲೆ? ಬಾಗಿಲು ದಾಟಿದ ಆಮೇಲೆ. ಬಾಗಿಲು ದಾಟಿ ಹದಿನೇಳು ವರ್ಷ ಆತು. ಈಗ ನಡೀತಾ ಇಪ್ಪುದೇ ಆ 'ಆಮೇಲೆ'. ಮಾಡ್ತಾ ಇದ್ದ, ನೋಡ್ತಾ ಇದ್ದ. ಕೊಟ್ಟ ಮಾತು ಚಂದಕ್ಕೆ ನಡೀತಾ ಇದ್ದು."

ಎಲ್ಲರೂ ಹರೀಶ ಮಾಸ್ತರ ಕಡೆ ತಿರುಗಿದರು. ಮಾಸ್ತರು ಛಾವಣಿ ನೋಡಿ, "ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ," ಎಂದರು. ಹದಿನೇಳು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೊಂದೇ ಸಲ. ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ದಿನಕರನೂ ತಟ್ಟಿದ, ಅರ್ಥ ಅಷ್ಟು ಚೆನ್ನಾಗಿತ್ತು. ಆಮೇಲೆ ಕೂತು ನಡಾವಳಿ ಬರೆದ: ತಾತ್ಕಾಲಿಕ ಆದೇಶವನ್ನು ತಟ್ಟೆಯ ಅಂತಿಮ ನಿರ್ಣಯದವರೆಗೆ ಮುಂದುವರಿಸಲಾಗಿದೆ.

ದಾರಿಯಲ್ಲಿ ಮಾಲಿನಿ ಕೇಳಿದಳು, "ಟೇಪಲ್ಲಿ ನಾನು ಹೆಂಗೆ ಕಂಡೆ?"

"ನಗ್ತಾ ಇದ್ದೆ," ಎಂದ ದಿನಕರ. "ಸೆರಗು ಬಾಯಿಗಿಟ್ಕಂಡು."

"ನಂಗೂ ಒಂದ್ಸಲ ತೋರಿಸ್ತ್ರಾ?"

"ತೋರಿಸಬೋದಿತ್ತು. ಆದ್ರೆ ತಟ್ಟೆ ನಿರ್ಣಯ ಆಗ್ಬೇಕಲ್ಲ," ಎಂದ ದಿನಕರ, ಮತ್ತು ಸಂತೆಯಲ್ಲಿ ಇಳಿದು ಮರುದಿನದ ಪಾಲನೆಗೆ ಬೇಕಾದ ಹುಣಸೆಹುಳಿ ಕೊಂಡ.

ಮೇಲೆ ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ, ಒಂದು ಸಣ್ಣ ವಿವರ ಹೊರತು. ಪಾಲನಾ ಉಪಸಮಿತಿಯಲ್ಲಿ ಐದು ಜನ ಎಂದದ್ದು ಕಟ್ಟಿದ ಮಾತು. ಭಾನುವಾರ ಎಲೆ ಹಾಕುವುದು ಆರು. ಆರನೆಯವನ ಹೆಸರು ಇಲ್ಲಿ ಅನಾವಶ್ಯಕ. ಅವನು ಮೂಲೆಯಲ್ಲಿ ಕೂತು, ಪಳದಿಯನ್ನು ಎರಡು ಸಲ ಹಾಕಿಸಿಕೊಂಡು, ತಟ್ಟೆಯ ವಿಷಯದಲ್ಲಿ ಅವಸರ ಮಾಡಬಾರದೆಂಬ ಅಭಿಪ್ರಾಯವನ್ನು ಇಂದಿಗೂ ಹೊಂದಿರುತ್ತಾನೆ.